ಹಳೆಯ ಮಾಸ್‌ಮನ್ ಗಿಟಾರ್ ಕೊಳ್ಳುವವರು ಇಸವಿಗಿಂತ ಮೊದಲು ಏನು ನೋಡಬೇಕು?

ಡಲ್ಲಾಸ್ ಹತ್ತಿರ ಒಂದು ಮಾಸ್‌ಮನ್ ಮಾರಾಟಕ್ಕಿದೆ, ಮಾರುವವರು 'ಬೆಂಕಿಗೆ ಮುಂಚಿನದು' (ಅಂದರೆ 1975ರಲ್ಲಿ ಕಾರ್ಖಾನೆಗೆ ಬೆಂಕಿ ಬೀಳುವ ಮೊದಲಿನದು) ಅನ್ನುತ್ತಿದ್ದಾರೆ, ಅದು ನಿಜವಾಗಿ 1975ಕ್ಕಿಂತ ಹಿಂದಿನದಾ, ಇಟ್ಟುಕೊಂಡರೆ ಬೆಲೆ ಏರುತ್ತಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವನು. ಅದಕ್ಕೇ ಹೇಳುತ್ತೇನೆ, ಪ್ರಶ್ನೆಯೇ ಸರಿಯಿಲ್ಲ.

ಆಗ ನಾನು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿದ್ದೆ. ವಿಮಾನದ ಬಿಡಿಭಾಗ ಡಿಸೈನ್ ಮಾಡುವ ಕೆಲಸ. ಅಲ್ಲಿಂದ ವಿನ್‌ಫೀಲ್ಡ್ ಊರು ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಆ ಊರಲ್ಲಿ ವಾಲ್ನಟ್ ವ್ಯಾಲಿ ಫೆಸ್ಟಿವಲ್ ನಡೆಯುತ್ತದೆ, ಫ್ಲ್ಯಾಟ್‌ಪಿಕಿಂಗ್ (ಪಿಕ್ ಹಿಡಿದು ನುಡಿಸುವ) ಗಿಟಾರ್ ಸ್ಪರ್ಧೆಗೆ ದೇಶವೆಲ್ಲಾ ಹೆಸರಾದದ್ದು. 1972ರಲ್ಲಿ ಅದನ್ನು ಶುರು ಮಾಡಿದವರಲ್ಲಿ ಈ ಗಿಟಾರ್‌ಗಳನ್ನು ಮಾಡಿದ ಸ್ಟುವರ್ಟ್ ಮಾಸ್‌ಮನ್ ಒಬ್ಬರು. ಸ್ಟೇಜ್ ಕಾರ್ಯಕ್ರಮ ಒಂದು ಕಡೆ ಇರಲಿ, ಟೆಂಟ್ ಹಾಕಿಕೊಂಡು ರಾತ್ರಿಯಿಡೀ ನುಡಿಸುವವರ ಮಧ್ಯೆ ಕೂತರೆ ಸಾಕು. ಅಲ್ಲಿ ಒಬ್ಬ ಅಜ್ಜ ನುಡಿಸುತ್ತಿದ್ದ ಗಿಟಾರ್‌ನ ದನಿ ಕೇಳಿ ನಾನು ಎದ್ದು ಹೋಗಿ ಹೆಡ್‌ಸ್ಟಾಕ್ (ಗಿಟಾರ್‌ನ ತಲೆಭಾಗ) ಮೇಲಿನ ಹೆಸರು ಓದಿದೆ. ಮಾಸ್‌ಮನ್. ಅಲ್ಲಿಂದ ಹಿಡಿಯಿತು ಹುಚ್ಚು.

ಕಂಪನಿಯ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಗಿಟಾರ್ ಮಾರುತ್ತಿರುವವರು ನಿಜಕ್ಕೂ ಮಾರುತ್ತಿರುವುದು ಆ ಕಥೆಯನ್ನೇ. ವಿನ್‌ಫೀಲ್ಡ್ ಮತ್ತು ಅರ್ಕಾನ್ಸಾಸ್ ಸಿಟಿ ನಡುವೆ ಸ್ಟ್ರಾದರ್ ಫೀಲ್ಡ್ ಅಂತ ಎರಡನೇ ಮಹಾಯುದ್ಧದ ಕಾಲದ ವಾಯುನೆಲೆ ಇದೆ. ಕಾರ್ಖಾನೆ ಇದ್ದದ್ದು ಅಲ್ಲಿ. ಗ್ರೇಟ್ ಪ್ಲೇನ್ಸ್, ಫ್ಲಿಂಟ್ ಹಿಲ್ಸ್, ಗೋಲ್ಡನ್ ಎರಾ ಅಂತ ಮಾಡೆಲ್‌ಗಳು. 1975ರ ಫೆಬ್ರವರಿಯಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಕೂಡಿಟ್ಟಿದ್ದ ಬ್ರೆಜಿಲಿಯನ್ ರೋಸ್‌ವುಡ್, ಅಂದರೆ ಗಿಟಾರ್ ಕೊಳ್ಳುವವರು ಜಾಸ್ತಿ ದುಡ್ಡು ಕೊಡುವ ಮರದ ದಾಸ್ತಾನು, ಸುಟ್ಟುಹೋಯಿತು. 1977ರಲ್ಲಿ ವಾದ್ಯ ತಯಾರಿಸುವ ಸಿ.ಜಿ. ಕಾನ್ ಕಂಪನಿ ಜೊತೆ ಗಿಟಾರ್‌ಗಳನ್ನು ಮಾರಿಕೊಡುವ ಒಪ್ಪಂದ ಆಯಿತು, ಅದು ಜಾಸ್ತಿ ದಿನ ಬಾಳಲಿಲ್ಲ. ಆ ಸಮಯದಲ್ಲಿ ನೆವಾಡಾದ ಗೋದಾಮಿನಲ್ಲಿದ್ದ ಬಹಳಷ್ಟು ಗಿಟಾರ್‌ಗಳು ಹಗಲಿನ ಸೆಕೆಗೆ, ರಾತ್ರಿಯ ಚಳಿಗೆ ಸಿಕ್ಕಿ ಬಿರುಕು ಬಿಟ್ಟವು. 1980ರ ದಶಕದಲ್ಲಿ ಮಾಸ್‌ಮನ್ ಕಂಪನಿಯನ್ನೇ ಮಾರಿದರು, ಹೆಸರು ಟೆಕ್ಸಸ್‌ಗೆ ಹೋಯಿತು. ಹಾಗಾಗಿ ಲೇಬಲ್ ಮೇಲೆ ಯಾವ ಊರು ಅಂತ ನೋಡಿದರೆ ಅರ್ಧ ಕೆಲಸ ಮುಗಿಯಿತು: ವಿನ್‌ಫೀಲ್ಡ್, ಕ್ಯಾನ್ಸಸ್ ಅಂತಿದ್ದರೆ ಅವರ ಕಾಲದ್ದು, ಟೆಕ್ಸಸ್ ಊರಿನ ಹೆಸರಿದ್ದರೆ ಆಮೇಲಿನದು.

ಈಗ ನನಗೆ ದುಡ್ಡು ಕಳೆದ ವಿಷಯ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ನೀವು ಅದೇ ದಾರಿಯಲ್ಲಿ ಹೋಗುತ್ತಿರುವಂತೆ ಕಾಣುತ್ತದೆ.

ನನಗೆ ಸಿಕ್ಕಿದ್ದು 1974ರ ಗ್ರೇಟ್ ಪ್ಲೇನ್ಸ್. ಲೇಬಲ್ ಸರಿಯಾಗಿತ್ತು, ಸೀರಿಯಲ್ ನಂಬರ್ ಆ ವರ್ಷಕ್ಕೆ ಹೊಂದುತ್ತಿತ್ತು, ಟ್ಯೂನರ್‌ಗಳು (ತಂತಿ ಬಿಗಿಸುವ ಕೀಲುಗಳು) ಬದಲಾಗಿರಲಿಲ್ಲ. ಇಸವಿ ವಿಷಯದಲ್ಲಿ ಮಾರುವವನು ಒಂದು ಸುಳ್ಳೂ ಹೇಳಲಿಲ್ಲ. ತಪ್ಪಾದದ್ದು ನನ್ನ ಲೆಕ್ಕ. ಬೆಂಕಿಯಲ್ಲಿ ಬ್ರೆಜಿಲಿಯನ್ ಮರ ಹೋಯಿತು, ಆದ್ದರಿಂದ ಬೆಂಕಿಯ ನಂತರದ ಗಿಟಾರ್‌ಗಳು ಭಾರತದ ರೋಸ್‌ವುಡ್, ಆದ್ದರಿಂದ ಬೆಂಕಿಗೆ ಮುಂಚಿನವು ಬ್ರೆಜಿಲಿಯನ್. ಇದರಲ್ಲಿ ಕೊನೆಯ ಮಾತು ಮೊದಲನೆಯದರಿಂದ ಬರುವುದೇ ಇಲ್ಲ, ಅಲ್ವಾ? ಬೆಂಕಿಗೆ ಮುಂಚೆಯೂ ಅಲ್ಲಿ ಎರಡೂ ಮರ ಬಳಸುತ್ತಿದ್ದರು. ಬ್ರೆಜಿಲ್ 1960ರ ದಶಕದ ಕೊನೆಯಲ್ಲೇ ದಿಮ್ಮಿ ರಫ್ತು ನಿಲ್ಲಿಸಿತ್ತು, ಮಾರ್ಟಿನ್‌ನಂಥ ದೊಡ್ಡ ಗಿಟಾರ್ ಕಂಪನಿಯೇ 1969ರ ಕೊನೆಗೆ ಭಾರತದ ಮರಕ್ಕೆ ಬದಲಾಗಿತ್ತು. ಇದೆಲ್ಲಾ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದಕ್ಕೊಂದು ಜೋಡಿಸಿ ನೋಡಲಿಲ್ಲ. 1974 ಅನ್ನುವ ಅಂಕಿ ಕಂಡ ತಕ್ಷಣ ಉಳಿದದ್ದನ್ನೆಲ್ಲಾ ಅದೇ ಹೇಳಿಬಿಟ್ಟಿತು ಅಂದುಕೊಂಡೆ.

ಇನ್ನೂ ಹೊಟ್ಟೆ ಉರಿಯುವುದು ಏನೆಂದರೆ, ನಮ್ಮದು ಸಕಲೇಶಪುರ ಕಡೆ. ಅಜ್ಜನ ಮನೆಯ ಮುಂಬಾಗಿಲು, ಮಂಚ, ನಡುಮನೆಯ ಪೆಟ್ಟಿಗೆ ಎಲ್ಲಾ ಬೀಟೆ. ಭಾರತದ ರೋಸ್‌ವುಡ್ ಅಂತ ಅಮೆರಿಕದಲ್ಲಿ ಮಾರುವುದು ಅದನ್ನೇ, ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನೇ. ಅದರ ಮೇಲೆ ಮಲಗಿ ಬೆಳೆದವನಿಗೆ ಗುರುತು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಅಂದರೆ ನಾನು ನೋಡಿದ್ದು ಹೊರಗಿನಿಂದ. ಹೊರಗಡೆ ಮರದ ರಂಧ್ರ ತುಂಬುವ ಫಿಲ್ಲರ್ ಇರುತ್ತದೆ, ಅದರ ಮೇಲೆ ಲ್ಯಾಕರ್. ವರ್ಷ ಕಳೆದ ಹಾಗೆ ಲ್ಯಾಕರ್ ಹಳದಿಗೆ ತಿರುಗಿ ಇಡೀ ಬ್ಯಾಕ್ (ಗಿಟಾರ್‌ನ ಬೆನ್ನು) ಕೆಂಪು ಕಂದು ಬಣ್ಣಕ್ಕೆ ಬರುತ್ತದೆ. ಅದರ ಮೇಲೆ ಮಾರುವವನ ಮನೆಯ ಹಾಲ್‌ನಲ್ಲಿ ಹಳದಿ ದೀಪ. ಎರಡು ಕಪ್ಪು ಗೆರೆ ಕಂಡವು, ನನಗೆ ಬ್ರೆಜಿಲಿಯನ್ ಅನ್ನಿಸಿತು. ಸುಮ್ನೆ ಹೌದು ಅಂದು ದುಡ್ಡು ಕೊಟ್ಟೆ. ಆ ಒಂದು ಅನ್ನಿಸಿಕೆಗೆ ಸಾವಿರ ಡಾಲರ್‌ಗಿಂತ ಜಾಸ್ತಿ ಹೋಯಿತು.

ಆಮೇಲೆ ಆಕ್ಷನ್ (ಗಿಟಾರ್ ಕತ್ತಿನ ಮೇಲೆ ತಂತಿ ನಿಲ್ಲುವ ಎತ್ತರ) ಜಾಸ್ತಿ ಇದೆ ಅಂತ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ತಂತಿ ಸಡಿಲ ಮಾಡಿ, ಸೌಂಡ್‌ಹೋಲ್ (ಗಿಟಾರ್ ಮುಂಭಾಗದ ದುಂಡು ತೂತು) ಒಳಗೆ ಒಂದು ಸಣ್ಣ ಬಲ್ಬ್ ಇಳಿಸಿ, ಹಲ್ಲಿನ ಡಾಕ್ಟರ್ ಇಟ್ಟುಕೊಳ್ಳುವ ಥರದ ಕನ್ನಡಿ ತಿರುಗಿಸಿ 'ನೀವೇ ನೋಡಿ' ಅಂದರು. ಒಳಗೆ ಲ್ಯಾಕರ್ ಇಲ್ಲ, ಫಿಲ್ಲರ್ ಇಲ್ಲ, ಬರೀ ಮರ. ಉದ್ದಕ್ಕೂ ನೆಟ್ಟಗಿನ ಗೆರೆಗಳು, ನೇರಳೆ ಛಾಯೆಯ ಕಂದು. ಅಜ್ಜನ ಮಂಚದ ಅಡಿಭಾಗದ್ದೇ ಬಣ್ಣ. ಬ್ರೆಜಿಲಿಯನ್ ಆದರೆ ಸಾಮಾನ್ಯವಾಗಿ ಕಿತ್ತಳೆ, ಚಾಕೊಲೇಟ್ ಬಣ್ಣಗಳ ಮಧ್ಯೆ ಮಸಿ ಗೆರೆಗಳು ಹೇಗೆಂದರೆ ಹಾಗೆ ಓಡುತ್ತವೆ. ನೆಟ್ಟಗಿನ ಗೆರೆಯ ಬ್ರೆಜಿಲಿಯನ್ನೂ ಉಂಟು, ಹಾಗಾಗಿ ಕಣ್ಣಳತೆ ಒಂದನ್ನೇ ನಂಬಬೇಡಿ, ತಿಳಿದವರಿಗೆ ತೋರಿಸಿ. ಅವರೇ ನೆಕ್ ರಿಸೆಟ್ (ಗಿಟಾರ್ ಕತ್ತನ್ನು ಬಿಚ್ಚಿ ಸರಿಯಾದ ಕೋನಕ್ಕೆ ಮತ್ತೆ ಕೂರಿಸುವುದು) ಕೂಡ ಬೇಕು ಅಂದರು. ಅದರ ಖರ್ಚು ಬೇರೆ.

ಹಾಗಾಗಿ ನೀವು ಇಸವಿಯ ಹಿಂದೆ ಬೀಳಬೇಡಿ. ಸಣ್ಣ ಕಾರ್ಖಾನೆಯ ಗಿಟಾರ್ ಒಂದೊಂದೂ ಬೇರೆ ಬೇರೆ. ಅದೇ ತಿಂಗಳು ಮಾಡಿದ ಎರಡರಲ್ಲಿ ಒಂದು ಹಾಡಬಹುದು, ಇನ್ನೊಂದು ಮಂಕಾಗಿರಬಹುದು. 'ಬೆಂಕಿಗೆ ಮುಂಚೆ' ಅನ್ನುವುದು ಕಾರ್ಖಾನೆಯ ಇತಿಹಾಸ ಅಷ್ಟೇ, ನಿಮ್ಮ ಕೈಯಲ್ಲಿರುವ ಮರದ ಗುಣ ಅಲ್ಲ. ನನ್ನ ಪ್ರಕಾರ 1976ರ ಒಂದು ಒಳ್ಳೆಯ ಗಿಟಾರ್ ಕಡಿಮೆ ಬೆಲೆಗೆ ಸಿಕ್ಕರೆ ಅದೇ ಜಾಣತನ. 1977ರ ನಂತರದ್ದಾದರೆ ಫಿನಿಶ್‌ನಲ್ಲಿ ಕೂದಲೆಳೆ ಬಿರುಕು, ಟಾಪ್‌ನಲ್ಲಿ (ಮುಂಭಾಗದ ಹಲಗೆಯಲ್ಲಿ) ಸೀಳು ಇದೆಯಾ ಅಂತ ಹಗಲು ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೆಕ್ ಕೋನ. ಒಂದು ನೇರವಾದ ಉಕ್ಕಿನ ಪಟ್ಟಿಯನ್ನು ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಗೆರೆಗಳ) ಮೇಲೆ ಉದ್ದಕ್ಕೆ ಇಡಿ. ಅದರ ತುದಿ ಬ್ರಿಡ್ಜ್‌ನ (ಗಿಟಾರ್ ಮುಂಭಾಗದಲ್ಲಿ ತಂತಿಗಳು ಕೊನೆಯಾಗುವ ಮರದ ತುಂಡಿನ) ಮೇಲ್ಭಾಗಕ್ಕೆ ಬಂದು ಕೂರಬೇಕು. ಬ್ರಿಡ್ಜ್‌ನ ಮುಖಕ್ಕೆ ಹೋಗಿ ಡಿಕ್ಕಿ ಹೊಡೆದರೆ ನೆಕ್ ಮುಂದಕ್ಕೆ ಬಾಗಿದೆ, ರಿಸೆಟ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಹೊರುವ ಸಣ್ಣ ಪಟ್ಟಿ) ಬ್ರಿಡ್ಜ್‌ನಿಂದ ಎಷ್ಟು ಮೇಲೆ ಉಳಿದಿದೆ ನೋಡಿ, ಪೂರ್ತಿ ಉಜ್ಜಿ ಇಳಿಸಿದ್ದರೆ ಯಾರೋ ಈಗಾಗಲೇ ತೊಂದರೆ ಮುಚ್ಚಿಟ್ಟಿದ್ದಾರೆ ಅಂತಲೇ ಅರ್ಥ.

ಊರಿಗೆ ತರುವ ಯೋಚನೆ ಇದ್ದರೆ ಇನ್ನೊಂದು ಮಾತು. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ, ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸಲು ಹೋಗಬೇಡಿ, ಕಸ್ಟಮ್ಸ್‌ನಲ್ಲಿ ಗಿಟಾರೇ ಹೋಗಬಹುದು. ಉಳಿದ ರೋಸ್‌ವುಡ್ ಜಾತಿಗಳನ್ನು 2017ರಲ್ಲಿ ಎರಡನೇ ಪಟ್ಟಿಗೆ ಸೇರಿಸಿದ್ದರು, 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಬಂತು. ನಾನು ಬೆಂಗಳೂರಿಗೆ ವಾಪಸ್ ಬಂದಾಗ ಬೀಟೆ ಮರದ ನನ್ನ ಗಿಟಾರ್ ಆರಾಮವಾಗಿ ಜೊತೆಗೆ ಬಂತು. ದಿನಾ ಅದನ್ನೇ ನುಡಿಸುತ್ತೇನೆ, ಮಾರುವ ಯೋಚನೆ ಇಲ್ಲ.

ಬೆಲೆ ಏರುತ್ತಾ ಅಂದಿರಿ. ಅದಕ್ಕಾಗಿ ಕೊಳ್ಳುವುದಾದರೆ ಕೊಳ್ಳಲೇಬೇಡಿ. ಮಾಸ್‌ಮನ್ ಹೆಸರು ಗೊತ್ತಿರುವವರೇ ಕಡಿಮೆ, ಮಾರಬೇಕು ಅಂದಾಗ ಗಿರಾಕಿ ಸಿಗಲು ಕಾಯಬೇಕಾಗುತ್ತದೆ. ನುಡಿಸಲು ಬೇಕು ಅಂದರೆ ಮಾತ್ರ ಮಾರುವವರಿಗೆ ಇವತ್ತೇ ಬರೆಯಿರಿ: ಸೌಂಡ್‌ಹೋಲ್ ಒಳಗೆ ಟಾರ್ಚ್ ಹಾಕಿ ಬ್ಯಾಕ್‌ನ ಫೋಟೊ, ಫ್ರೆಟ್ ಮೇಲೆ ಪಟ್ಟಿ ಇಟ್ಟು ಬ್ರಿಡ್ಜ್ ಹತ್ತಿರದಿಂದ ಇನ್ನೊಂದು. ಕೊಡಲ್ಲ ಅಂದರೆ ಬಿಟ್ಟುಬಿಡಿ. ಕೊಟ್ಟರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.