ಮೂರು ಕೆಜಿಯ ಅಂತರ

ಪ್ರಶ್ನೆ: ಮಗಳಿಗೆ 14 ವರ್ಷ, ತೂಕ 47 ಕೆಜಿ. ಬಾಕ್ಸಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ‘ಅದು ಗಂಡಸರ ಆಟ’ ಎಂದು ಮನೆಯ ಹಿರಿಯರ ತಕರಾರು. ಹೆಣ್ಣುಮಕ್ಕಳ ಬಾಕ್ಸಿಂಗ್‌ಗೆ ನಿಜಕ್ಕೂ ಮಾನ್ಯತೆ ಇದೆಯೇ? ಗಂಡಸರಿಗಿಲ್ಲದ ಹೆಡ್‌ಗಾರ್ಡ್ ಇವರಿಗೇಕೆ? ಮೊದಲು ಏನು ಕೊಳ್ಳಬೇಕು?

ಉತ್ತರ: ಹಿರಿಯರ ಮಾತು ಅವರ ಕಾಲಕ್ಕೆ ಸುಳ್ಳಲ್ಲ. ಇಂಗ್ಲೆಂಡಿನ ಅಮೆಚೂರ್ ಬಾಕ್ಸಿಂಗ್ ಸಂಸ್ಥೆ ಮಹಿಳೆಯರ ಮೇಲಿನ ನಿಷೇಧ ತೆಗೆದದ್ದೇ 1996ರಲ್ಲಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2001ರಲ್ಲಿ, ಅಮೆರಿಕದ ಸ್ಕ್ರಾಂಟನ್‌ನಲ್ಲಿ. ಅಲ್ಲಿ ಮೇರಿ ಕೋಮ್ ಬೆಳ್ಳಿ ಗೆದ್ದರು. ಒಲಿಂಪಿಕ್ಸ್ ಬಾಗಿಲು ತೆರೆಯಲು 2012ರವರೆಗೆ ಕಾಯಬೇಕಾಯಿತು.

ತೆರೆದದ್ದೂ ಅರ್ಧವೇ. ಲಂಡನ್‌ನಲ್ಲಿ ಪುರುಷರಿಗೆ 10 ತೂಕ ವಿಭಾಗ, ಮಹಿಳೆಯರಿಗೆ ಮೂರೇ: 51, 60, 75 ಕೆಜಿ. 46, 48 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ 51ಕ್ಕೆ ಏರಲೇಬೇಕಾಯಿತು. ಮೂರು ಕೆಜಿ ಎಂದರೆ ನಾಲ್ಕು ಮುದ್ದೆ ಹೆಚ್ಚು ಉಂಡರೆ ತೀರುವ ಲೆಕ್ಕವಲ್ಲ. ಆ ವಿಭಾಗಕ್ಕೆ ಬರುವವರಲ್ಲಿ ಹಲವರು ಮೂಲತಃ ಇನ್ನೂ ದೊಡ್ಡ ಮೈಕಟ್ಟಿನವರು, ತೂಕ ಇಳಿಸಿಕೊಂಡು ಬಂದವರು. ಕೈ ಉದ್ದ, ಗುದ್ದು ಭಾರ. ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್ ಎದುರು 6–11ರಿಂದ ಸೋತ ಮೇರಿಗೆ ಕಂಚು ದಕ್ಕಿತು. ಟೋಕಿಯೊದಲ್ಲಿ ಮಹಿಳೆಯರ ವಿಭಾಗ 5 ಆಯಿತು, ಪ್ಯಾರಿಸ್‌ನಲ್ಲಿ 6. ಅಲ್ಲಿ ಪುರುಷರದು 7. ಮಾನ್ಯತೆ ಅಳೆಯಲು ಸನ್ಮಾನದ ಶಾಲುಗಳಿಗಿಂತ ಈ ಅಂಕಿಗಳೇ ವಾಸಿ. ಸುತ್ತುಗಳೂ ಹಾಗೆಯೇ: ಅಂದು 2 ನಿಮಿಷದ 4, ಈಗ ಪುರುಷರಂತೆ 3 ನಿಮಿಷದ 3.

ಹೆಡ್‌ಗಾರ್ಡ್ ಹುಬ್ಬು ಸೀಳದಂತೆ ಕಾಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯದು. ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ ಅದನ್ನು ತೆಗೆದು ಮಹಿಳೆಯರಿಗೆ ಉಳಿಸಿದರು. ಮಗಳ ವಯಸ್ಸಿನ ಹುಡುಗರೂ ಅದನ್ನು ತೊಡಬೇಕು.

ಅಂಗಡಿಯಲ್ಲಿ ಗ್ಲೌಸ್‌ಗಿಂತ ಮೊದಲು 4.5 ಮೀಟರ್‌ನ ಹ್ಯಾಂಡ್‌ರ‍್ಯಾಪ್, ಅಂದರೆ ಗ್ಲೌಸ್ ಒಳಗೆ ಕೈಗೆ ಸುತ್ತುವ ಬಟ್ಟೆಯ ಪಟ್ಟಿ, ಕೇಳಿ. ಬೆರಳು ಅಗಲಿಸಿಟ್ಟು, ಕುಣಿಕೆಗೆ ಹೆಬ್ಬೆರಳು ಸಿಕ್ಕಿಸಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಹಾಯಿಸಿ ಮತ್ತೆ ಮಣಿಕಟ್ಟಿಗೆ ತಂದು ಮುಗಿಸಬೇಕು. ಮುಷ್ಟಿ ಕಟ್ಟಿ ಸುತ್ತಿದರೆ ಗೆಣ್ಣಿನ ಮೇಲೆ ಪಟ್ಟಿ ಸಡಿಲ, ಬಿಗಿ ಹೆಚ್ಚಾದರೆ ಬೆರಳಿಗೆ ಜೋಮು. ಗ್ಲೌಸ್ ಒಳಗೆ ಕೈ ಜಾರಾಡಿದರೆ ಮಣಿಕಟ್ಟು ಉಳುಕುತ್ತದೆ. ಹುಡುಗಿಯರ ಚಿಕ್ಕ ಕೈಗೆ ದೊಡ್ಡವರ ಅಳತೆ ಬೇಡ. ಜತೆಗೆ ಮೌತ್‌ಗಾರ್ಡ್ ತೆಗೆದುಕೊಳ್ಳಿ.

46ರ ವಿಭಾಗಕ್ಕೆ ಇಳಿಸಲು ನೀರು ಕುಡಿಯುವುದನ್ನು ಬಿಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಳೆಯುವ ಮೈ, 48ರಲ್ಲೇ ಆಡಲಿ.