ತಾಯಿಯಲ್ಲಿರುವ ಎಚ್‌ಐವಿಯ ರೂಪಾಂತರಗಳು ಮಗುವಿಗೆ ಸೋಂಕು ದಾಟುವುದರ ಮೇಲೆ ಪರಿಣಾಮ ಬೀರುತ್ತವೆಯೇ?

ಬೀರುತ್ತವೆ. ಆದರೆ ಎಲ್ಲಕ್ಕಿಂತ ಮುಖ್ಯ ತಾಯಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದು. ಚಿಕಿತ್ಸೆಯೇ ಇಲ್ಲದಿದ್ದರೆ ಶೇ. 15ರಿಂದ 45ರಷ್ಟು ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾಗಿ ಔಷಧ ತೆಗೆದುಕೊಂಡರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ.

ಎಚ್‌ಐವಿ ತನ್ನ ನಕಲು ಮಾಡಿಕೊಳ್ಳುವಾಗ ತಪ್ಪುಗಳನ್ನು ತಿದ್ದುವುದಿಲ್ಲ. ಹಾಗಾಗಿ ಒಬ್ಬ ತಾಯಿಯ ಮೈಯಲ್ಲೇ ಲೆಕ್ಕವಿಲ್ಲದಷ್ಟು ರೂಪಗಳಿರುತ್ತವೆ. ಮಗುವಿಗೆ ದಾಟುವುದು ಸಾಮಾನ್ಯವಾಗಿ ಅವುಗಳಲ್ಲಿ ಒಂದೋ ಎರಡೋ, ಹೆಚ್ಚಾಗಿ ಜೀವಕೋಶದ ಮೇಲಿರುವ ಸಿಸಿಆರ್5 ಅನ್ನೋ ಪ್ರೋಟೀನನ್ನು ಬಾಗಿಲಾಗಿ ಬಳಸಿ ಒಳಗೆ ನುಗ್ಗುವಂಥದ್ದು. ವೈರಸ್ ವಿರುದ್ಧ ಹೋರಾಡುವ ತಾಯಿಯ ಪ್ರತಿಕಾಯಗಳು (ಆ್ಯಂಟಿಬಾಡಿ) ಮಗುವಿಗೂ ಸಿಗುತ್ತವೆ ಅಲ್ವಾ? ಅವುಗಳಿಗೆ ಬಗ್ಗದ ರೂಪಗಳೇ ಜಾಸ್ತಿ ದಾಟುತ್ತವೆ ಎಂದು ಕೆಲವು ಅಧ್ಯಯನಗಳು ಹೇಳಿವೆ, ಎಲ್ಲವೂ ಅಲ್ಲ.

ನನಗೆ ನಿಜಕ್ಕೂ ಕುತೂಹಲ ಹುಟ್ಟಿಸುವುದು ಎಚ್‌ಎಲ್‌ಎ ಜೀನ್‌ಗಳು. ರೋಗನಿರೋಧಕ ವ್ಯವಸ್ಥೆ ಸೋಂಕಿತ ಕೋಶವನ್ನು ಗುರುತು ಹಿಡಿಯುವುದು ಇವುಗಳ ಮೂಲಕ. ಇವುಗಳಲ್ಲಿ ಅರ್ಧ ಮಗುವಿಗೆ ತಾಯಿಯಿಂದಲೇ ಬಂದಿರುತ್ತವೆ. ಅಂದರೆ, ತಾಯಿಯಲ್ಲಿ ಈ ಗುರುತಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತ ವೈರಸ್ ಮಗುವಿನ ಮೈಗೆ ಬರುವಾಗಲೇ ಅರ್ಧ ಪಳಗಿರುತ್ತದೆ.

ಔಷಧಕ್ಕೆ ಜಗ್ಗದ ರೂಪಗಳೂ ದಾಟಬಲ್ಲವು. ಹಿಂದೆ ಹೆರಿಗೆ ಹೊತ್ತಿಗೆ ನೆವಿರಪಿನ್ ಎಂಬ ಎಚ್‌ಐವಿ ಔಷಧವನ್ನು ಒಂದೇ ಡೋಸ್ ಕೊಡುತ್ತಿದ್ದಾಗ, ವೈರಸ್‌ನಲ್ಲಿ ಆಗುವ ಕೆ103ಎನ್ ಎಂಬ ಒಂದು ಸಣ್ಣ ಬದಲಾವಣೆಯೇ ಆ ಔಷಧವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಿತ್ತು. ಈಗ ಒಂದಕ್ಕಿಂತ ಹೆಚ್ಚು ಔಷಧಗಳನ್ನು ಒಟ್ಟಿಗೆ ಕೊಡುವುದಕ್ಕೆ ಇದೂ ಒಂದು ಕಾರಣ.