ಹೊಡೆದ ಚೆಂಡು, ಆಡಿದ ಮಾತು

ಓದುಗರ ಪತ್ರ: ಸಂಪಾದಕರೇ, ಟಿವಿಗೆ ಗೇಮ್ ಕನ್ಸೋಲ್ ಜೋಡಿಸಿಕೊಂಡು ಆರು ತಿಂಗಳಿಂದ ಗಾಲ್ಫ್ ಆಡುತ್ತಿದ್ದೇನೆ. ನಿಜವಾದ ಮೈದಾನಗಳನ್ನು ಹುಲ್ಲಿನ ಎಸಳೂ ಬಿಡದೆ ತೋರಿಸುವ ಆಟ. ಚೆಂಡು ಸಾಗುವ ದಾರಿಯ ಗೆರೆ, ಪಟ್ ಮಾಡುವ (ಕುಳಿಯತ್ತ ಚೆಂಡನ್ನು ಮೆಲ್ಲಗೆ ಉರುಳಿಸುವ) ಮೊದಲೇ ಅದರ ಮುನ್ನೋಟ, ಹೊಡೆತ ಕೆಟ್ಟರೆ ಹಿಂದಕ್ಕೆ ತಿರುಗಿಸುವ ಬಟನ್, ಎಲ್ಲ ಸಹಾಯಗಳನ್ನೂ ಇಟ್ಟುಕೊಂಡಿದ್ದೇನೆ. ಮೊನ್ನೆ ಪಾರ್‌ಗಿಂತ, ಅಂದರೆ ಮೈದಾನಕ್ಕೆ ನಿಗದಿಯಾದ ಹೊಡೆತಗಳಿಗಿಂತ, 14 ಹೊಡೆತ ಕಡಿಮೆಗೆ ಸುತ್ತು ಮುಗಿಸಿದೆ. ಕಾಲೇಜಿಗೆ ಹೋಗುವ ಮಗಳು ಎಲ್ಲವನ್ನೂ ಆಫ್ ಮಾಡಿ ಆಡುತ್ತಾಳೆ. ಅವಳದು ಪಾರ್‌ಗಿಂತ 27 ಹೆಚ್ಚು. ಆದರೂ ನನ್ನನ್ನೇ ನೋಡಿ ನಗುತ್ತಾಳೆ: "ಅಪ್ಪಾ, ನೀನು ಗಾಲ್ಫ್ ಆಡುತ್ತಿಲ್ಲ, ನೋಡುತ್ತಿದ್ದೀಯ." ದಿನವಿಡೀ ದುಡಿದು ಬಂದವನಿಗೆ ಮನೆಯಲ್ಲೂ ಸೋಲು ಬೇಕೆ? ನಮ್ಮಿಬ್ಬರಲ್ಲಿ ಯಾರು ಸರಿ, ನೀವೇ ಹೇಳಿ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ.

ಸಂಪಾದಕರ ಉತ್ತರ:

ನಿಮ್ಮ ಮಗಳು ಹೇಳಿದ್ದೇ ಸರಿ. ತೀರ್ಪು ಕೇಳಿದಿರಿ, ಕೊಟ್ಟಿದ್ದೇನೆ. ಇಲ್ಲಿಗೇ ನಿಲ್ಲಿಸಿದರೆ ಇಬ್ಬರಿಗೂ ಸಮಯ ಉಳಿಯುತ್ತದೆ. ಆದರೆ ಆ ಹಿಂದಕ್ಕೆ ತಿರುಗಿಸುವ ಬಟನ್ನಿನ ಮಾತನ್ನು ನೀವು ನನ್ನ ಮುಂದೆ ಎತ್ತಬಾರದಿತ್ತು. ಹುತ್ತಕ್ಕೆ ಕೈ ಹಾಕಿದ್ದೀರಿ.

ಮೊದಲು ನಿಮ್ಮ 14ರ ವಿಚಾರ. 2016ರಲ್ಲಿ ಅಮೆರಿಕದ ಜಿಮ್ ಫ್ಯೂರಿಕ್ 58 ಹೊಡೆತಗಳಲ್ಲಿ 18 ಹೋಲ್‌ಗಳನ್ನು, ಅಂದರೆ ಒಂದು ಇಡೀ ಸುತ್ತನ್ನು, ಮುಗಿಸಿದರು. ಅಲ್ಲಿನ ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಅದಕ್ಕೆ ಮುಂಚೆ ಯಾರೂ ಅಷ್ಟು ಕಡಿಮೆಗೆ ಮುಗಿಸಿರಲಿಲ್ಲ. ಆ ಮೈದಾನದ ಪಾರ್ 70, ಅಂದರೆ ಅವರದು ಪಾರ್‌ಗಿಂತ 12 ಕಡಿಮೆ. ನೀವು ಸೋಫಾದ ಮೇಲೆ ಕಾಲು ಚಾಚಿಕೊಂಡು 14! ಅಭಿನಂದಿಸೋಣವೆಂದರೆ ಯಾರನ್ನು ಅಭಿನಂದಿಸಬೇಕೋ ತಿಳಿಯುತ್ತಿಲ್ಲ. ಗೆರೆ ಎಳೆದದ್ದು ಯಂತ್ರ, ಇಳಿಜಾರಿನ ಲೆಕ್ಕ ಹಾಕಿದ್ದು ಯಂತ್ರ, ಕೆಟ್ಟ ಹೊಡೆತಗಳನ್ನು ಸದ್ದಿಲ್ಲದೆ ನುಂಗಿಕೊಂಡದ್ದೂ ಯಂತ್ರ. ನಿಮ್ಮ ಪಾಲಿಗೆ ಉಳಿದದ್ದು ಕಂಟ್ರೋಲರ್ ಚಾರ್ಜ್ ಮಾಡುವ ಕೆಲಸ.

ನಿಮ್ಮ ಪಕ್ಷದಲ್ಲಿ ನ್ಯಾಯವೇ ಇಲ್ಲ ಎನ್ನಲಾರೆ. ಬೆರಳು ನೋಯುವವರಿಗೆ, ಕಣ್ಣು ಮಂಜಾದವರಿಗೆ, ಕಂಟ್ರೋಲರನ್ನು ಮೊದಲ ಸಲ ಹಿಡಿದವರಿಗೆ ಈ ಸಹಾಯಗಳು ಬೇಕು. ದಣಿದು ಬಂದವರಿಗೆ ಆಟ ಹಗುರವಾಗಿರಲಿ ಎಂಬುದೂ ಒಪ್ಪತಕ್ಕ ಮಾತೇ. ಒಪ್ಪಿದೆ. ಮುಂದೆ ಹೋಗೋಣ.

ಮನೆಯ ಕನ್ಸೋಲ್‌ನ ಗಾಲ್ಫ್‌ಗೂ ಒಂದು ವಂಶಾವಳಿ ಇದೆ. ಅದರ ಬುಡದ ಹತ್ತಿರ ಸಿಗುವುದು 1984ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಕನ್ಸೋಲ್‌ಗೆ ಬಂದ ಒಂದು ಆಟ. ಹೆಸರು ಬರೀ 'ಗಾಲ್ಫ್'. ಅದರ ಪ್ರೋಗ್ರಾಂ ಬರೆದ ಸತೋರು ಇವಾಟಾ ಮುಂದೆ ನಿಂಟೆಂಡೊ ಕಂಪನಿಯ ಅಧ್ಯಕ್ಷರೇ ಆದರು. ಇಂದಿನ ಮೊಬೈಲಿನ ಒಂದು ಫೋಟೊ ಕೂಡ ಹಿಡಿಸದ ಪುಟ್ಟ ಕಾರ್ಟ್ರಿಜ್‌ನೊಳಗೆ ಅವರು 18 ಹೋಲ್‌ಗಳನ್ನು ತುರುಕಿದ್ದರು. ಆಡುವ ಕ್ರಮ ಮೂರು ಒತ್ತಿನದು. ಮೊದಲ ಒತ್ತಿಗೆ ಪಟ್ಟಿಯ ಮೇಲೊಂದು ಗುರುತು ಓಡತೊಡಗುತ್ತದೆ, ಎರಡನೆಯದಕ್ಕೆ ಬಲ ನಿಗದಿಯಾಗುತ್ತದೆ, ಮೂರನೆಯದಕ್ಕೆ ದಿಕ್ಕು. ಮೂರನೆಯ ಒತ್ತು ಸ್ವಲ್ಪ ಹಿಂದುಮುಂದಾದರೂ ಚೆಂಡು ಮರಗಳ ಪಾಲು. ಆ ಮೂರು ಒತ್ತುಗಳ ಮೇಲೆಯೇ ಎಷ್ಟೋ ವರ್ಷಗಳ ಗಾಲ್ಫ್ ಆಟಗಳು ನಿಂತವು.

ನಾನು ಅದನ್ನು ಆಡಿದ್ದು ಸೋದರಮಾವನ ಮನೆಯಲ್ಲಿ, ಮಾವನ ಮಗನ ಜೊತೆ. ಆಟ ಕೈತಪ್ಪುತ್ತಿದೆ ಎನ್ನುವ ಹೊತ್ತಿಗೆ ಅವನು ಕಾಲ್ಬೆರಳಿನಿಂದ ಸ್ವಿಚ್ ಆರಿಸಿ "ಅಯ್ಯೋ, ಕರೆಂಟ್ ಹೋಯಿತು" ಎನ್ನುತ್ತಿದ್ದ. ತಲೆಯ ಮೇಲೆ ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತಿತ್ತು. ನಾನು ಫ್ಯಾನ್ ನೋಡುತ್ತಿದ್ದೆ, ಅವನು ನೆಲ ನೋಡುತ್ತಿದ್ದ. ಅವನಿಗೆ ನಾಚಿಕೆಯಿತ್ತು ಎಂಬುದನ್ನು ಗಮನಿಸಿ. ಅದೇ ಕೆಲಸವನ್ನು ಈಗ ಆಟ ತಯಾರಿಸುವವರೇ ಅಂದದ ಚಿಹ್ನೆಯೊಂದನ್ನು ಅಂಟಿಸಿ ಮಾಡಿಕೊಡುತ್ತಾರೆ. ನೀವು ಅದನ್ನು ನನಗೆ ಪತ್ರದಲ್ಲಿ ಬರೆದು ಕಳಿಸುತ್ತೀರಿ.

ಮೂರು ಒತ್ತುಗಳ ನಂತರ ಬಂದದ್ದು ಸ್ಟಿಕ್. ಕಂಟ್ರೋಲರ್‌ನ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಪರದೆಯ ಮೇಲಿನ ಮನುಷ್ಯ ಕ್ಲಬ್ ಎತ್ತಿ ಬೀಸುತ್ತಾನೆ. ಹೆಬ್ಬೆರಳು ವಾಲಿದರೆ ಚೆಂಡು ವಾಲುತ್ತದೆ. ತಾಳ ತಪ್ಪಿದರೂ ವಾಲುತ್ತದೆ. ಇದು ಬಂದಾಗ ಹಳಬರು ಗೊಣಗಿದರು, ನಾನೂ ಗೊಣಗಿದೆ. ಈಗ ನೋಡಿದರೆ ಆಟದ ಜೀವ ಇರುವುದೇ ಅಲ್ಲಿ. ಮೂರಡಿಯ ಕ್ಲಬ್ಬಿನ ಬೀಸನ್ನು ಒಂದು ಅಂಗುಲದ ಚಲನೆಗೆ ಇಳಿಸಿಯೂ ಆ ಹೆದರಿಕೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕೊನೆಯ ಹೋಲ್‌ನಲ್ಲಿ ನನ್ನ ಹೆಬ್ಬೆರಳು ಬೆವರುತ್ತದೆ. ಮನೆಯವರಿಗೆ ಹೇಳಿದರೆ ನಂಬುವುದಿಲ್ಲ.

ನಡುವೆ ಒಂದು ಉಪಯೋಗದ ಮಾತು, ಮಗಳಿಗೂ ತಿಳಿಸಿ. ಟಿವಿಗಳು ಚಿತ್ರವನ್ನು ಚೆಂದಗಾಣಿಸಲು ಹೋಗಿ ಅದನ್ನು ಕಣ್ಣಿಗೆ ತಲುಪಿಸುವುದನ್ನು ತುಸು ತಡ ಮಾಡುತ್ತವೆ. ಸಿನಿಮಾ ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ತಾಳ ನಂಬಿ ಆಡುವವರಿಗೆ ಅದು ಯಮ. ಸೆಟ್ಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಹುಡುಕಿ ಆನ್ ಮಾಡಿಕೊಳ್ಳಿ. ಇದನ್ನು ತಿಳಿಯದೆ ನಾನು ಎರಡು ತಿಂಗಳು ನನ್ನ ವಯಸ್ಸನ್ನು ಬೈದುಕೊಂಡೆ. ಆನ್ ಮಾಡಿದ ಮೇಲೂ ಚೆಂಡು ಮರಳಿಗೇ ಬಿತ್ತು ಎನ್ನುವುದು ಬೇರೆ ಮಾತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಟಿವಿ ಬರುವ ಮೊದಲೇ ಹುಟ್ಟಿದೆ.

ಇನ್ನು 'ನಿಜವಾದ ಮೈದಾನ' ಎಂದು ನೀವು ಹೆಮ್ಮೆಪಟ್ಟಿರುವುದರ ಬಗ್ಗೆ. ಚಿತ್ರಗಳ ಮಟ್ಟಿಗೆ ಹೆಮ್ಮೆ ಸರಿಯೇ. ಮಾಸ್ಟರ್ಸ್ ಟೂರ್ನಿ ನಡೆಯುವ ಅಗಸ್ಟಾ ನ್ಯಾಷನಲ್ ಮೈದಾನವನ್ನು ಲೇಸರ್‌ನಿಂದ ಅಳೆದು ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಹೆಸರಿನ 2011ರ ವಿಡಿಯೊ ಆಟದೊಳಗೆ ತಂದರು. ಅಲ್ಲಿನ ಏರುತಗ್ಗು ಟಿವಿ ಪ್ರಸಾರ ನೋಡುವವರಿಗಿಂತ ಆಟ ಆಡುವವರಿಗೆ ಚೆನ್ನಾಗಿ ತಿಳಿಯುತ್ತದೆ. ಚೆಂಡಿನ ಹಾರಾಟದಲ್ಲೂ ಹುಡುಗಾಟವಿಲ್ಲ: ಗಾಳಿ, ಎತ್ತರ, ಚೆಂಡಿನ ತಿರುಗು, ಅದು ಬಿದ್ದ ಹುಲ್ಲಿನ ಉದ್ದ, ಎಲ್ಲಕ್ಕೂ ಒಳಗೆ ಲೆಕ್ಕವಿದೆ. ಗ್ರೀನ್‌ನ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ, ವೇಗವನ್ನೇ ತೆಗೆದುಕೊಳ್ಳಿ. ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರ 1935ರ ಯು.ಎಸ್. ಓಪನ್ ನೋಡಲು ಓಕ್‌ಮಾಂಟ್ ಮೈದಾನಕ್ಕೆ ಹೋದರು. ಅಲ್ಲಿನ ಗ್ರೀನ್‌ಗಳು ವಿಪರೀತ ಜಾರುತ್ತವೆ ಎನಿಸಿ, ಅದನ್ನು ಅಳೆಯಲು ಒಂದು ಸಲಕರಣೆಯನ್ನೇ ಮಾಡಿದರು. ಓರೆಯಾಗಿ ಎತ್ತಿ ಹಿಡಿದ, ನಡುವೆ ತೋಡಿರುವ ಪಟ್ಟಿಯಿಂದ ಚೆಂಡು ಉರುಳಿಬಿಡುವುದು, ಎಷ್ಟು ಅಡಿ ಹೋಯಿತು ಎಂದು ನೋಡುವುದು, ಅಷ್ಟೇ. ದಿನವೂ ನಡೆದಾಡುವ ನೆಲ ಎಷ್ಟು ವೇಗದ್ದು ಎಂದು ತಿಳಿಯಬೇಕೆನ್ನಿಸಿದ ಆ ಕುತೂಹಲವನ್ನು ನಿಮ್ಮ ಮುನ್ನೋಟದ ಬಟನ್ ಕೊಲ್ಲುತ್ತದೆ. 108 ಮಿಲಿಮೀಟರ್ ಅಗಲದ ಕುಳಿಗೆ ಚೆಂಡು ಎಲ್ಲಿಂದ ತಿರುಗಿ ಬೀಳುತ್ತದೆ ಎಂದು ಮೊದಲೇ ತೋರಿಸಿದ ಮೇಲೆ ಅಲ್ಲಿ ಓದಲು ಏನು ಉಳಿಯಿತು?

ಒಂದು ತಪ್ಪೊಪ್ಪಿಗೆ. ಗ್ರೀನ್ ಮೇಲೆ ಹಾಸುವ ಚೌಕಳಿಯನ್ನು, ಇಳಿಜಾರಿನತ್ತ ಹರಿಯುವ ಆ ಮಣಿಗಳನ್ನು, ನಾನೂ ಆಫ್ ಮಾಡಿಲ್ಲ. ಮೈದಾನದಲ್ಲಿ ನಿಂತವನಿಗೆ ಇಳಿಜಾರು ಪಾದಕ್ಕೆ ತಿಳಿಯುತ್ತದೆ. ಚಪ್ಪಟೆ ಪರದೆಗೆ ಪಾದವಿಲ್ಲ. ಚೌಕಳಿ ಆ ಪಾದದ ಕೆಲಸ ಮಾಡುತ್ತದೆ, ನಿರ್ಧಾರ ನಮಗೇ ಬಿಡುತ್ತದೆ. ಮಗಳು ಅದನ್ನೂ ಆಫ್ ಮಾಡಿದ್ದಾಳೆ ಎಂದರೆ ಅವಳು ನನಗಿಂತ ಮೇಲು.

ಈಗ ಆ ಹಿಂದಕ್ಕೆ ತಿರುಗಿಸುವ ಬಟನ್. ಮೈದಾನದಲ್ಲಿ ಗೆಳೆಯರು ಪರಸ್ಪರ ರಿಯಾಯಿತಿ ಕೊಟ್ಟು ಮತ್ತೊಮ್ಮೆ ಹೊಡೆಯಲು ಬಿಡುವುದುಂಟು, ಅದಕ್ಕೆ 'ಮಲ್ಲಿಗನ್' ಎನ್ನುತ್ತಾರೆ. ನಿಯಮಪುಸ್ತಕದಲ್ಲಿ ಅದು ಇಲ್ಲ. ಆದರೆ ನಿಯಮಪುಸ್ತಕ ನೀವು ತಿಳಿದಷ್ಟು ಕಟುಕನಲ್ಲ. ಚೆಂಡು ಕಳೆದುಹೋದರೆ, ಗಡಿ ದಾಟಿದರೆ, ಅಥವಾ ಹೊಡೆತ ಮನಸ್ಸಿಗೆ ಬರದಿದ್ದರೂ ಸರಿ, ಹಿಂದೆ ಹೊಡೆದ ಜಾಗಕ್ಕೇ ಹೋಗಿ ಮತ್ತೆ ಹೊಡೆಯಬಹುದು. ಹೊಡೆದ ಹೊಡೆತ ಲೆಕ್ಕದಲ್ಲೇ ಉಳಿಯುತ್ತದೆ, ಅದರ ಮೇಲೆ ಒಂದು ದಂಡದ ಹೊಡೆತ ಸೇರುತ್ತದೆ. ಹಿಂದಕ್ಕೆ ಹೋಗಲು ದಾರಿ ಇದೆ, ಸುಂಕ ಕಟ್ಟಬೇಕು. ನಿಮ್ಮ ಬಟನ್ ಸುಂಕದ ಕಟ್ಟೆಯನ್ನೇ ಎತ್ತಿಬಿಟ್ಟಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದವರು ಗಾಲ್ಫ್ ನೋಡಿರಲಿಲ್ಲ. ನೋಡಿದ್ದರೆ ಮೂರನೆಯದೊಂದನ್ನು ಸೇರಿಸುತ್ತಿದ್ದರು.

1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್ ನೆನಪಿಸಿಕೊಳ್ಳಿ. ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಕೊನೆಯ ಹೋಲ್‌ಗೆ ಬಂದಾಗ ಆರು ಹೊಡೆತ ತೆಗೆದುಕೊಂಡರೂ ಗೆಲುವು ಅವರದೇ. ಚೆಂಡು ಹೊಳೆಗೆ ಬಿತ್ತು. ಪ್ಯಾಂಟ್ ಮಡಚಿ, ಬರಿಗಾಲಲ್ಲಿ ನೀರಿಗಿಳಿದು, ಹೊಡೆಯಲೋ ಬೇಡವೋ ಎಂದು ನಿಂತರು. ಏಳು ಹೊಡೆತಗಳಾದವು. ಅಂಕ ಸಮವಾಗಿ ಆಡಿಸಿದ ಪ್ಲೇಆಫ್‌ನಲ್ಲಿ ಗೆದ್ದವರು ಸ್ಕಾಟ್ಲೆಂಡಿನ ಪಾಲ್ ಲಾರಿ. ಆ ಹೊಳೆಯ ದಡದಲ್ಲಿ ನಿಮ್ಮ ಬಟನ್ ಇದ್ದಿದ್ದರೆ? ವಾನ್ ಡಿ ವೆಲ್ಡ್ ಗೆಲ್ಲುತ್ತಿದ್ದರು, ನಾವು ಅವರನ್ನು ಮರೆಯುತ್ತಿದ್ದೆವು.

ಅದಕ್ಕಿಂತಲೂ ನನಗೆ ಹತ್ತಿರವಾದದ್ದು 1925ರ ಯು.ಎಸ್. ಓಪನ್. ಅಮೆರಿಕದ ಆಟಗಾರ ಬಾಬಿ ಜೋನ್ಸ್ ಉದ್ದ ಹುಲ್ಲಿನಲ್ಲಿ ಹೊಡೆಯಲು ಸಿದ್ಧರಾಗುತ್ತಿದ್ದಾಗ ಚೆಂಡು ತುಸು ಅಲುಗಿತು. ಬೇರೆ ಯಾರೂ ಕಂಡಿರಲಿಲ್ಲ. ಜೋನ್ಸ್ ತಾವೇ ಅಧಿಕಾರಿಗಳಿಗೆ ಹೇಳಿ, ತಾವೇ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಅಂಕ ಸಮವಾಗಿ, ಪ್ಲೇಆಫ್‌ನಲ್ಲಿ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಪ್ಲೇಆಫ್ ಬೇಕೇ ಇರಲಿಲ್ಲ. ನಿಮ್ಮ ಮನೆಯ ಹಾಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಅಂಪೈರ್ ಇಲ್ಲ, ಪ್ರೇಕ್ಷಕರಿಲ್ಲ, ಬಟನ್ ಮಾತ್ರ ಹೆಬ್ಬೆರಳಿನ ಪಕ್ಕದಲ್ಲೇ ಇದೆ. ನಿಮ್ಮ ಮಗಳು ಅದನ್ನು ಒತ್ತದೆ 27 ಹೆಚ್ಚು ಎಂದು ಬರೆದುಕೊಂಡು ಮಲಗುತ್ತಾಳೆ. ಆ ಹುಡುಗಿಯನ್ನು ನೀವು ದೂರು ಹೇಳುವ ಧಾಟಿಯಲ್ಲಿ ನನಗೆ ಪರಿಚಯಿಸಿದ್ದೀರಿ!

ಆಟ ಮಾಡುವವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದಲ್ಲ. ಟೈಗರ್ ವುಡ್ಸ್ ಸರಣಿಯ ಒಂದು ಆಟದಲ್ಲಿ ಪ್ರೋಗ್ರಾಂ ಎಡವಟ್ಟಾಗಿ ಆಟಗಾರ ಕೊಳದ ನೀರಿನ ಮೇಲೆ ನಿಂತು ಚೆಂಡು ಹೊಡೆಯುತ್ತಿದ್ದ. ಯಾರೋ ಅದರ ವಿಡಿಯೊ ಹಾಕಿ ನಕ್ಕರು. 2008ರಲ್ಲಿ ಕಂಪನಿ ಕೊಟ್ಟ ಉತ್ತರ ಒಂದು ಜಾಹೀರಾತು: ಸ್ವತಃ ವುಡ್ಸ್ ಶೂ ಬಿಚ್ಚಿ ನೀರಿನ ಮೇಲೆ ನಡೆದುಹೋಗಿ ಚೆಂಡು ಹೊಡೆಯುತ್ತಾರೆ, ಅದು ದೋಷವಲ್ಲ, ಅವರಿಗೆ ಅಷ್ಟು ಸಾಮರ್ಥ್ಯವಿದೆ ಎಂಬ ಅರ್ಥದಲ್ಲಿ. ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಯೋಚಿಸಿ ನೋಡಿ: ಯಂತ್ರದ ತಪ್ಪನ್ನು ಪವಾಡವೆಂದು ಮೆರೆಸುತ್ತೇವೆ, ಮನುಷ್ಯನ ತಪ್ಪನ್ನು ಒರೆಸಿಹಾಕಲು ಬಟನ್ ಇಡುತ್ತೇವೆ. ಅದೇ ಸರಣಿಯಲ್ಲಿ ಹಾರುತ್ತಿರುವ ಚೆಂಡಿಗೆ ಬಟನ್ ಕುಟ್ಟಿ ಕುಟ್ಟಿ ತಿರುಗು ಕೊಡುವ ಸೌಕರ್ಯವೂ ಇತ್ತು. ಆಡಿದ ಮಾತು ಎದುರಿನವರ ಕಿವಿ ಮುಟ್ಟುವ ಮೊದಲು ಅದರ ಅರ್ಥ ಬದಲಿಸಿದ ಹಾಗೆ.

ಇದು ಗಾಲ್ಫ್‌ನದೊಂದೇ ಕಥೆಯಾಗಿದ್ದರೆ ನಾನು ಇಷ್ಟು ಪುಟ ಹಾಳು ಮಾಡುತ್ತಿರಲಿಲ್ಲ. ಮೊಬೈಲ್ ನಾನು ಬರೆದ ಪದವನ್ನು ತಿದ್ದಿ ತನಗೆ ಬೇಕಾದದ್ದನ್ನು ಕೂರಿಸುತ್ತದೆ. ಕ್ಯಾಮೆರಾ ನಗದವರ ಮುಖಕ್ಕೆ ನಗು ಬಳಿಯುತ್ತದೆ. ನಕ್ಷೆ ನೋಡಿಕೊಂಡು ಕಾರು ಓಡಿಸುವವರಿಗೆ ಹತ್ತು ಸಲ ಹೋದ ದಾರಿಯೂ ಗೊತ್ತಿರುವುದಿಲ್ಲ. ನಮ್ಮ ಕಚೇರಿಗೆ ಬರುವ ಲೇಖನಗಳನ್ನು ನೋಡಬೇಕು ನೀವು: ಕಾಗುಣಿತ ಒಂದೂ ತಪ್ಪಿಲ್ಲ, ವಾಕ್ಯಗಳಿಗೆ ಇಸ್ತ್ರಿ ಹಾಕಿದೆ, ಮೂರು ಪುಟ ಓದಿದರೂ ಬರೆದವರು ಗಂಡೋ ಹೆಣ್ಣೋ, ಕೋಪದಲ್ಲಿದ್ದರೋ ನಿದ್ದೆಯಲ್ಲಿದ್ದರೋ ತಿಳಿಯುವುದಿಲ್ಲ. ಹಿಂದೆ ಹೊಡೆದುಹಾಕಿದ ಸಾಲುಗಳು ಕಾಗದದ ಮೇಲೆ ಕಾಣುತ್ತಿದ್ದವು. ಅಲ್ಲೇ ಅರ್ಧ ಸ್ವಾರಸ್ಯವಿರುತ್ತಿತ್ತು. ಲೇಖಕರು ಮೊದಲು 'ದುಷ್ಟ' ಎಂದು ಬರೆದು, ಹೊಡೆದು, 'ನನ್ನ ಅಣ್ಣ' ಎಂದು ತಿದ್ದಿದ್ದನ್ನು ನಾನೇ ಕಂಡಿದ್ದೇನೆ.

ಮನೆಯಲ್ಲೂ ಸೋಲು ಬೇಕೆ ಎಂದು ಕೇಳಿದ್ದೀರಿ. ಹೊರಗೆ ಸೋಲುವಾಗ ಅದರಲ್ಲಿ ಮೇಲಧಿಕಾರಿಯ ಪಾಲೆಷ್ಟು, ಬಸ್ಸಿನ ಪಾಲೆಷ್ಟು, ನಮ್ಮದೆಷ್ಟು ಎಂದು ವಿಂಗಡಿಸುವುದೇ ಕಷ್ಟ. ಇಲ್ಲಿ ಪೂರ್ತಿ ನಿಮ್ಮದೇ. ಅಂಥ ಸೋಲು ಸಿಗುವುದು ಅಪರೂಪ, ಅದನ್ನೂ ಯಂತ್ರಕ್ಕೆ ಕೊಟ್ಟುಬಿಡುತ್ತೀರಾ?

ಹೀಗೆ ಮಾಡಿ. ಒಮ್ಮೆಲೇ ಎಲ್ಲವನ್ನೂ ಆಫ್ ಮಾಡಬೇಡಿ, ಕಂಟ್ರೋಲರ್ ಗೋಡೆಗೆ ಬಡಿದೀತು. ಮೊದಲ ವಾರ ಆ ಬಟನ್ ಒಂದನ್ನು ಬಿಡಿ. ಎರಡನೆಯ ವಾರ ಪಟ್‌ನ ಮುನ್ನೋಟ. ದಾರಿಯ ಗೆರೆ ಕೊನೆಗೆ ಹೋಗಲಿ. ಗಾಳಿಯನ್ನು ಬೇಕಾದರೆ ಕಡಿಮೆ ಇಟ್ಟುಕೊಳ್ಳಿ, ನಾನು ಯಾರಿಗೂ ಹೇಳುವುದಿಲ್ಲ. ಮಗಳ ಜೊತೆ ಒಂದೇ ಮೈದಾನದಲ್ಲಿ, ಒಂದೇ ಸೆಟ್ಟಿಂಗ್‌ನಲ್ಲಿ 18 ಹೋಲ್ ಆಡಿ ಇಬ್ಬರ ಅಂಕವನ್ನೂ ಬರೆದು ಕಳಿಸಿ, ಪ್ರಕಟಿಸುತ್ತೇನೆ. ನನ್ನದನ್ನೂ ಪಕ್ಕದಲ್ಲೇ ಹಾಕುತ್ತೇನೆ. ನಿನ್ನೆ ರಾತ್ರಿ ಒಂದು ಪಾರ್ 3 ಹೋಲ್‌ಗೆ ಒಂಬತ್ತು ಹೊಡೆತ ತೆಗೆದುಕೊಂಡಿದ್ದೇನೆ, ಅವುಗಳಲ್ಲಿ ನಾಲ್ಕು ಒಂದೇ ಮರಳುಗುಂಡಿಯಿಂದ.

ತಪ್ಪಿದ್ದರೆ ತಿದ್ದಿಕೊಳ್ಳಿ ಎಂದಿದ್ದೀರಿ. ಪತ್ರವನ್ನು ಅಂಕಗಳ ಸಮೇತ ನೀವು ಬರೆದಂತೆಯೇ ಅಚ್ಚು ಹಾಕಿದ್ದೇನೆ.